ಕತ್ತಲಲ್ಲಿ ಊದಿದ ಕೊಂಬು

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಕಾಲ ಕೆಳಗಿನ ನೆಲಕ್ಕೇ ಹೆದರುತ್ತಿದ್ದೆ. ಮಂಡ್ಯದಿಂದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ಗೆ ಬಂದ ಮೇಲೆ ಹತ್ತಿದ ಭಯ ಅದು. ಶಾಲೆಯಲ್ಲಿ ಗಂಟೆ ಬಾರಿಸಿದ ಕೂಡಲೇ ಡೆಸ್ಕಿನ ಕೆಳಗೆ ತೂರಿ, ಕತ್ತಿನ ಹಿಂದೆ ಕೈ ಕಟ್ಟಿ ಕೂರುವುದನ್ನು ಕಲಿಸುತ್ತಿದ್ದರು. ಉಳಿದ ಮಕ್ಕಳು ಅಲ್ಲಿ ಕೂತು ಕಿಸಕ್ಕನೆ ನಗುತ್ತಿದ್ದರು. ನಾನು ಮಾತ್ರ ಭೂಕಂಪ ಈಗಲೇ ಬಂತೆಂದು ನಡುಗುತ್ತಿದ್ದೆ. ರಾತ್ರಿ ಶೂ ಹಾಕಿಕೊಂಡೇ ಮಲಗುತ್ತೇನೆಂದು ಅಮ್ಮನ ಹತ್ತಿರ ಹಟ ಮಾಡುತ್ತಿದ್ದೆ.

ಅಕ್ಕ ನನಗಿಂತ ತುಂಬ ದೊಡ್ಡವಳು, ಹೈಸ್ಕೂಲಿನಲ್ಲಿದ್ದಳು. ಶಾಲೆಯ ಬ್ಯಾಂಡಿನಲ್ಲಿ ಫ್ರೆಂಚ್ ಹಾರ್ನ್ ಊದುತ್ತಿದ್ದಳು. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಹಿತ್ತಾಳೆಯ ಕೊಂಬು ಅದು. ಅವಳಿಗೆ ಪಾಠ ಹೇಳುತ್ತಿದ್ದ ಮಿಸ್, ಸ್ಯಾನ್ ಫ್ರಾನ್ಸಿಸ್ಕೋದ ಒಪೆರಾ ವಾದ್ಯವೃಂದದಲ್ಲಿದ್ದ ವಯಸ್ಸಾದ ಹೆಂಗಸು. ಒಪೆರಾ ಅಂದರೆ ಮಾತಿನ ಬದಲು ಹಾಡಿನಲ್ಲೇ ನಡೆಯುವ ನಾಟಕ.

ಒಂದು ಶನಿವಾರ ಬೆಳಿಗ್ಗೆ ಮಿಸ್ ಅಕ್ಕನನ್ನು ರಿಹರ್ಸಲ್ ನೋಡಲು ಕರೆದರು. ಅದು ಮುಗಿದ ಮೇಲೆ ಅಲ್ಲೇ ಪಾಠವೂ ಇತ್ತು. ಅಮ್ಮನಿಗೆ ಜ್ವರ. ಅಪ್ಪನ ಡಾಟ್ ಕಾಮ್ ಕಂಪನಿಗೆ ಶನಿವಾರ, ಭಾನುವಾರ ಎನ್ನುವುದೇ ಇರಲಿಲ್ಲ. ಆಫೀಸೂ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಇತ್ತು. ಹಾಗಾಗಿ ನಾನೂ ಕಾರು ಹತ್ತಿದೆ.

ಒಪೆರಾದ ದೊಡ್ಡ ಭವನವನ್ನು ಭೂಕಂಪ ತಾಳುವಂತೆ ರಿಪೇರಿ ಮಾಡುತ್ತಿದ್ದರಿಂದ ಅಂದಿನ ರಿಹರ್ಸಲ್ ಒಂದು ಹಳೆಯ ಥಿಯೇಟರಿನಲ್ಲಿತ್ತು. ಅಕ್ಕ ಅದನ್ನು ಬಾಯಿಬಿಟ್ಟಿದ್ದೇ ತಪ್ಪಾಯಿತು.

"ಹಾಗಾದ್ರೆ ಈ ಥಿಯೇಟರಿಗೆ ರಿಪೇರಿ ಆಗಿದ್ಯಾ?" ಎಂದೆ.

"ಏನೂ ಆಗಲ್ಲ, ಸುಮ್ನಿರು ಪುಟ್ಟಿ," ಎಂದಳು. ನಾನು ಕೇಳಿದ್ದು ಅದಲ್ಲ.

ವಾದ್ಯದವರು ಕೂರುವುದು ರಂಗದ ಮುಂದಿನ ಆಳವಾದ ತಗ್ಗಿನಲ್ಲಿ. ಅದಕ್ಕೆ ಪಿಟ್ ಎನ್ನುತ್ತಾರೆ. ಕಿರಿದಾದ ಮೆಟ್ಟಿಲು ಇಳಿಯುತ್ತಿದ್ದಂತೆ ಹಳೆಯ ಮರ, ವಾದ್ಯಗಳ ಎಣ್ಣೆ, ಆರಿದ ಕಾಫಿ ಎಲ್ಲ ಬೆರೆತ ವಾಸನೆ ಬಂತು. ಕೊಂಬಿನವರ ಕುರ್ಚಿಗಳು ರಂಗದ ಅಂಚಿನ ಕೆಳಗೇ ಇದ್ದವು. ಮೇಲೆ ಯಾರಾದರೂ ನಡೆದರೆ ನಮ್ಮ ತಲೆಯ ಮೇಲಿನ ಹಲಗೆ ಕಿರುಗುಟ್ಟುತ್ತಿತ್ತು. ನಾನು ಅಕ್ಕನ ಸ್ವೆಟರನ್ನು ಬಿಡಲೇ ಇಲ್ಲ.

ನನ್ನ ಮುಖ ನೋಡಿ ಮಿಸ್ ಸಮಾಧಾನ ಮಾಡಲು ಹೊರಟರು. "ನನಗಿಂತ ಮೊದಲು ಈ ವಾದ್ಯವೃಂದದಲ್ಲಿ ನನ್ನ ಗುರುಗಳು ಊದುತ್ತಿದ್ದರು. ಅವರಿಗಿಂತ ಮೊದಲು ಅವರ ಗುರುಗಳು. ಆ ಅಜ್ಜ ಮೂಕಿ ಸಿನಿಮಾಗಳಿಗೆ ಊದುತ್ತಿದ್ದವರು. ಸಿನಿಮಾಗೆ ಮಾತು ಬಂದಾಗ ಕೆಲಸ ಹೋಗಿ ಒಪೆರಾಗೆ ಸೇರಿದರು," ಎಂದರು. ಆ ಅಜ್ಜನ ಕಾಲದಲ್ಲಿ ಒಮ್ಮೆ ಆಟದ ನಡುವೆ ದೀಪ ಹೋಗಿ, ಹಾಡುತ್ತಿದ್ದವನೊಬ್ಬ ಕತ್ತಲಲ್ಲಿ ಮುಂದೆ ನಡೆದು ಪಿಟ್‌ಗೆ ಬಿದ್ದು ಕಾಲು ಮುರಿದುಕೊಂಡನಂತೆ. ಅಂದಿನಿಂದ ಕೊಂಬಿನವರಿಗೆ ಒಂದು ರೂಢಿ. ದೀಪ ಹೋದರೆ ಒಂದೇ ಸ್ವರವನ್ನು ಉದ್ದಕ್ಕೆ ಊದಬೇಕು. ಅದು ಕೇಳಿದರೆ ರಂಗದವರು ನಿಂತಲ್ಲೇ ನಿಲ್ಲಬೇಕು. ಹಾಡುವ ಮಕ್ಕಳಿಗೂ ಇದನ್ನು ಹೇಳಿಕೊಟ್ಟಿರುತ್ತಿದ್ದರು.

ಇದನ್ನು ಕೇಳಿ ನನಗೆ ಸಮಾಧಾನವಾಗಲಿಲ್ಲ. ಮೇಲಿನಿಂದ ಯಾರು ಬೀಳುತ್ತಾರೋ ಎಂಬ ಹೊಸ ಭಯವೊಂದು ಸೇರಿಕೊಂಡಿತು.

ಸಂಗೀತ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಮೇಲೆ ಮಕ್ಕಳು ಹಾಡುತ್ತಿದ್ದರು. ದೊಡ್ಡ ಲಾರಿಯೊಂದು ನೆಲದಡಿಯಲ್ಲಿ ಹಾದುಹೋದಂತೆ ಗುಡುಗುಡು ಎಂದಿತು. ಮೊದಲು ಅದು ನಗಾರಿಯ ಸದ್ದೆಂದುಕೊಂಡೆ. ಆದರೆ ನಗಾರಿಯವನು ಕೈ ಎತ್ತಿ ಸುಮ್ಮನೆ ನಿಂತಿದ್ದ. ನನ್ನ ಕುರ್ಚಿ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಮೇಲಿನಿಂದ ಸುಣ್ಣದ ಪುಡಿ ಉದುರಿ ನಾಲಿಗೆಗೆ ಹತ್ತಿತು. ಎಲ್ಲ ದೀಪಗಳೂ ಆರಿದವು.

ಅಂಥ ಕತ್ತಲನ್ನು ನಾನು ಮತ್ತೆ ಕಂಡಿಲ್ಲ. ಡೆಸ್ಕಿನ ಪಾಠ ಮರೆತೇಹೋಯಿತು. ಕುರ್ಚಿಗಳು ಉರುಳುತ್ತಿದ್ದವು, ಜನ ಮೆಟ್ಟಿಲ ಕಡೆ ನುಗ್ಗುತ್ತಿದ್ದರು. ಆ ಕೂಗಾಟದಲ್ಲಿ ಯಾರ ಮಾತೂ ಯಾರಿಗೂ ತಿಳಿಯುವಂತಿರಲಿಲ್ಲ. ನನ್ನ ತಲೆಯ ಮೇಲೆ ಮಾತ್ರ ಪುಟ್ಟ ಹೆಜ್ಜೆಗಳು, ಟಪ್ ಟಪ್ ಎಂದು, ಅಂಚಿನ ಕಡೆಗೇ ಬರುತ್ತಿದ್ದವು.

ಆಗ ಮಿಸ್ ಊದಿದರು. ಹಸು ಅಂಬಾ ಎಂದಂಥ ತಗ್ಗಿದ, ಉದ್ದನೆಯ ಸ್ವರ. ಹೆಜ್ಜೆಗಳು ನಿಂತವು. ಆದರೆ ಎಷ್ಟು ಹೊತ್ತು ಊದಿಯಾರು? ಸುಣ್ಣದ ಪುಡಿ ಗಂಟಲಿಗೆ ಹೋಗಿ ಮಿಸ್ ಕೆಮ್ಮತೊಡಗಿದರು. ಹೆಜ್ಜೆ ಮತ್ತೆ ಸರಿಯಿತು. ಅಕ್ಕನ ಸ್ವೆಟರು ನನ್ನ ಕೈಯಿಂದ ಜಾರಿತು.

"ಅಕ್ಕಾ!" ಎಂದೆ.

"ಇಲ್ಲೇ ಇದೀನಿ. ನನ್ನ ಕಾಲು ಹಿಡ್ಕೋ, ಬಿಡಬೇಡ," ಎಂದಳು.

ಅವಳ ಕೊಂಬಿನ ಪೆಟ್ಟಿಗೆಯ ಚಿಲಕ ತೆಗೆದ ಸದ್ದು. ಮೊದಲು ಅವಳ ಕೊಂಬಿನಿಂದ ಬರೀ ಗಾಳಿ ಬಂತು. ಎರಡನೇ ಸಲ ಒರಟಾದ, ಒಡೆದ ಸ್ವರ ಬಂತು. ಅದನ್ನೇ ಅವಳು ಹಿಡಿದು ನಿಲ್ಲಿಸಿದಳು. ಅವಳ ಉಸಿರು ಮುಗಿಯುವಾಗ ಮಿಸ್, ಮಿಸ್‌ಗೆ ಮುಗಿಯುವಾಗ ಅಕ್ಕ. ಹೆಜ್ಜೆ ಮತ್ತೆ ಕೇಳಿಸಲಿಲ್ಲ.

ಯಾರೋ ಟಾರ್ಚ್ ತಂದರು. ಬೆಳಕು ಮೇಲೆ ಬಿದ್ದಾಗ, ಕಾಗದದ ರೆಕ್ಕೆ ಕಟ್ಟಿಕೊಂಡ ನನ್ನಷ್ಟೇ ಎತ್ತರದ ಹುಡುಗಿ ಅಂಚಿನಲ್ಲಿ ನಿಂತಿದ್ದಳು. ಅವಳ ಒಂದು ಶೂವಿನ ತುದಿ ಹಲಗೆ ದಾಟಿ ಗಾಳಿಯಲ್ಲಿತ್ತು.

ಅಕ್ಕನ ತುಟಿ ಒಡೆದು ರಕ್ತ ಬಂದಿತ್ತು. ಮಿಸ್ ಕರವಸ್ತ್ರದಿಂದ ಒರೆಸಿ, "ಇವತ್ತಿನ ಪಾಠ ಆಯಿತು," ಎಂದರು.

ಹೊರಗೆ ಬಿಸಿಲಿತ್ತು, ಫೋನುಗಳು ಸತ್ತಿದ್ದವು. ಅಪ್ಪ ಇದ್ದಾರೋ ಇಲ್ಲವೋ ಎಂದು ಮೆಟ್ಟಿಲ ಮೇಲೆ ಕಾದ ಹೊತ್ತು ಪಿಟ್‌ನ ಕತ್ತಲಿಗಿಂತ ದೊಡ್ಡದು. ಕೊನೆಗೆ ಅವರು ರಸ್ತೆಯ ತುದಿಯಿಂದ ಓಡಿ ಬಂದರು. ಇಬ್ಬರನ್ನೂ ಅಪ್ಪಿಕೊಂಡು, "ಇದೀರಾ? ಇದೀರೇನ್ರವ್ವಾ?" ಎಂದು ಮತ್ತೆ ಮತ್ತೆ ಕೇಳಿದರು. ಕಣ್ಣೆದುರೇ ಇದ್ದರೂ ನಾವು "ಇದೀವಿ" ಅನ್ನುವವರೆಗೂ ಬಿಡಲಿಲ್ಲ.

ನನ್ನ ಭಯ ಅಂದೇ ಹೋಯಿತೆಂದರೆ ಸುಳ್ಳಾಗುತ್ತದೆ. ಅದು ನನ್ನ ಜೊತೆಗೇ ಮುದಿಯಾಗಿದೆ. ನಿಮ್ಮ ಕಾಲ ಬೇರೆ. ನೆಲ ಅಲುಗುವ ಮೊದಲೇ ನಿಮ್ಮ ಫೋನು ಕೂಗಿ ಎಚ್ಚರಿಸುತ್ತದೆ, ಯಾರು ಯಾವ ಕೋಣೆಯಲ್ಲಿದ್ದಾರೆಂದೂ ತೋರಿಸುತ್ತದೆ. ಹೋದ ತಿಂಗಳು ಹಾಗೆ ಕೂಗಿದಾಗ ನೀವು ಮೇಜಿನ ಕೆಳಗೆ ಹೋದಿರಿ; ನಾನು ಅಡುಗೆಮನೆಯಿಂದ ನಿಮ್ಮ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗಿದೆ. "ಅಜ್ಜಿ, ಜಸ್ಟ್ ಚೆಕ್ ಯುವರ್ ಫೋನ್!" ಎಂದು ನಕ್ಕಿರಿ.

ಫೋನು ನೋಡಿದ್ದೆ, ಕಂದಾ. ಅದರಲ್ಲಿ ನೀವೆಲ್ಲ ಇದ್ದಿರಿ. ನನಗೆ ನಿಮ್ಮ ದನಿ ಬೇಕಿತ್ತು.