ಲಾಭದಿಂದ ಏಳರವರೆಗೆ

"ಈ ಮನೇಲಿ ಡಿಗ್ರಿ ಮಾಡೋರು ಹುಟ್ಟಿಲ್ಲ, ಹುಟ್ಟೋದೂ ಇಲ್ಲ" ಎಂದವರು ನನ್ನ ಸೋದರಮಾವ ಮುನಿಶಾಮಪ್ಪ. ಅಕ್ಕ ಸೆಕೆಂಡ್ ಪಿಯುಸಿ ಪಾಸಾದ ವಾರ ನಮ್ಮ ಜಗಲಿಯ ಮೇಲೆ ಕೂತು, ಅಮ್ಮ ಬಿಡಿಸಿಕೊಟ್ಟ ಹಲಸಿನ ತೊಳೆ ತಿನ್ನುತ್ತಲೇ ಹಾಗಂದರು. ಬೀಜವನ್ನು ಅಂಗಳಕ್ಕೆ ಉಗಿದು, "ಬೇಜಾರ್ ಮಾಡ್ಕೋಬೇಡ ಕಣಮ್ಮಾ ಭಾಗ್ಯ, ಇರೋದ್ ಹೇಳ್ದೆ" ಎಂದು ಅಕ್ಕನತ್ತ ನೋಡಿ ಸೇರಿಸಿದರು.

ಆಗಿನ್ನೂ ದೇವನಹಳ್ಳಿಯ ಏರ್‌ಪೋರ್ಟ್ ಹೊಸದು. ವಿಮಾನದ ಸದ್ದು ಕೇಳಿದರೆ ಕುಂಟೆಬಿಲ್ಲೆ ಆಡುತ್ತಿದ್ದವರು ಒಂಟಿಕಾಲಲ್ಲೇ ನಿಂತು ಕತ್ತೆತ್ತುತ್ತಿದ್ದೆವು. ಅದು ಮರೆಯಾಗುವ ಮೊದಲು ಕಾಲು ಕೆಳಗಿಟ್ಟವರು ಔಟ್. ಎಲ್ಲಿ ನೋಡಿದರೂ ರಸ್ತೆ ಅಳೆಯುವವರು, ಬದುವಿನ ಮೇಲೆ ಕೆಂಪು ಬಣ್ಣದ ಕಲ್ಲುಗಳು. ಹಾಗೆ ಅಳೆಯಲು ಬಂದ ಸರ್ವೆಯವರೊಬ್ಬರು ನಮ್ಮ ಮುಂದಿನ ಕೋಣೆಯಲ್ಲಿ ಎಂಟು ತಿಂಗಳು ಇದ್ದರು. ಅಮ್ಮನ ಕೈಯ ಮುದ್ದೆ, ಬಸ್ಸಾರು ಉಂಡ ಋಣಕ್ಕೋ ಏನೋ, ಹೋಗುವಾಗ ತಮ್ಮ ಹಳೆಯ ಲ್ಯಾಪ್‌ಟಾಪನ್ನು ಅಕ್ಕನ ಕೈಗಿಟ್ಟರು.

"ಕನ್ನಡ ಟೈಪ್ ಆಗುತ್ತಮ್ಮ, ಕಲ್ತ್ಕೋ. ಆಗಾಗ ಹ್ಯಾಂಗ್ ಆಗುತ್ತೆ. ಆವಾಗ ಈ ಸ್ವಿಚ್ಚು ಒತ್ತಿ ಹಿಡ್ಕೊಂಡ್ರೆ ಆಫ್ ಆಗುತ್ತೆ. ಮತ್ತೆ ಒತ್ತಿದ್ರೆ ಎದ್ದೇಳುತ್ತೆ."

ಅವರು ಹೇಳಿಕೊಟ್ಟಿದ್ದು ಇಷ್ಟೇ. ಬರೆದದ್ದು ಉಳಿಯಬೇಕಾದರೆ ಅದಕ್ಕೆಂದೇ ಇನ್ನೊಂದು ಗುಂಡಿ ಒತ್ತಬೇಕು ಎಂದು ಅವರು ಹೇಳಲಿಲ್ಲ. ಕೇಳಬೇಕೆಂಬುದು ನಮಗೂ ಗೊತ್ತಿರಲಿಲ್ಲ. ಸ್ಲೇಟಿನ ಮೇಲೆ ಬರೆದದ್ದು ಅಳಿಸುತ್ತೆ, ಪುಸ್ತಕದಲ್ಲಿ ಬರೆದದ್ದು ಉಳಿಯುತ್ತೆ. ಇದು ಪುಸ್ತಕದ ಹಾಗೇ ಮುಚ್ಚುತ್ತಿತ್ತು, ತೆರೆಯುತ್ತಿತ್ತು.

ಅಕ್ಕನಿಗೆ ಹದಿನೆಂಟು, ನನಗೆ ಹನ್ನೊಂದು. ಟೈಪ್ ಮಾಡುವುದು ಅಕ್ಕನ ಕೆಲಸ, ಹ್ಯಾಂಗ್ ಆದಾಗ ಎಬ್ಬಿಸುವುದು ನನ್ನದು. ಕೈ ಪಳಗಲೆಂದು ಒತ್ತುತ್ತಿದ್ದಳಷ್ಟೆ, ಒತ್ತಿದ್ದು ಉಳಿಯಿತೇ ಎಂದು ಹಿಂತಿರುಗಿ ನೋಡುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲವಾದರೂ ಅದು ಕಲ್ಲಾಗುತ್ತಿತ್ತು. ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟರೆ ಜಗಲಿಯಿಂದ ತಾತ ಎಣಿಸುತ್ತಿದ್ದರು. ಕಣದಲ್ಲಿ ರಾಗಿ ಅಳೆದು ಅಳೆದು ಬಂದ ಎಣಿಕೆ ಅದು. ರಾಶಿ ಅಳೆಯುವಾಗ ಯಾರೂ ಒಂದು ಅನ್ನುವುದಿಲ್ಲ. ಮೊದಲ ಕೊಳಗಕ್ಕೆ ಲಾಭ ಅನ್ನಬೇಕು.

"ಲಾಬ... ಎರಡು... ಮೂರು..."

ಸಾಮಾನ್ಯವಾಗಿ ಏಳಕ್ಕೆ ಪರದೆ ಕಪ್ಪಾಗುತ್ತಿತ್ತು. ಆಗ ತಾತ, "ಏಳು! ಏಳು ಅಂದ್ಮೇಲೆ ಏಳ್ಬೇಕು ಕಣಪ್ಪಾ, ಇನ್ನೇನು ಕಾಪಿ ಕಾಸ್ಕೊಂಡ್ ತರ್ಬೇಕಾ ನಿಂಗೆ?" ಎಂದು ಕೂಗುತ್ತಿದ್ದರು. ನಾನು ಮತ್ತೆ ಒತ್ತುತ್ತಿದ್ದೆ. ಒಳಗಿನ ಫ್ಯಾನು ಗುರ್ರೆಂದು ಬಿಸಿಯ ವಾಸನೆ ಬಿಟ್ಟುಕೊಂಡು ಅದು ಏಳುತ್ತಿತ್ತು. ಊರಲ್ಲಿ ಕಂಪ್ಯೂಟರ್ ಡಾಕ್ಟರು ನಾನೇ ಎಂದು ಬೀಗುತ್ತಿದ್ದೆ. ನನ್ನ ಬೆರಳಿನ ಹಲಸಿನ ಅಂಟು ಕೀಲಿಗಳಿಗೆ ಮೆತ್ತಿಕೊಂಡರೆ ಅಕ್ಕ ಅದನ್ನು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತ, "ಡಾಕ್ಟ್ರೇ, ಕೈ ತೊಳ್ಕೊಂಡ್ ಬನ್ನಿ" ಎಂದು ಗದರುತ್ತಿದ್ದಳು.

ಆ ಜೂನಿನಲ್ಲಿ ಅಕ್ಕನ ಕಾಲೇಜಿನ ಮೇಡಂ ಒಂದು ಸುದ್ದಿ ತಂದರು. ಬೆಂಗಳೂರಿನ ಒಂದು ಟ್ರಸ್ಟಿನವರು ಹಳ್ಳಿಯ ಹುಡುಗಿಯರನ್ನು ಹಾಸ್ಟೆಲ್ಲಿನಲ್ಲಿಟ್ಟು ಡಿಗ್ರಿ ಓದಿಸುತ್ತಾರಂತೆ. ಯಾಕೆ ಓದಬೇಕು ಎಂದು ಎರಡು ಪುಟ ಟೈಪ್ ಮಾಡಿ ಶುಕ್ರವಾರ ಸಂಜೆ ಐದರೊಳಗೆ ಇಮೇಲ್ ಮಾಡಬೇಕು. ಅದಕ್ಕೆ ಹತ್ತಿರದ ವಿಜಯಪುರದ ಸೈಬರ್ ಸೆಂಟರಿಗೇ ಹೋಗಬೇಕು. ಅಪ್ಪ, "ಅವ್ರು ಕರುದ್ರೆ ಹೋಗು. ಕರೀದಿದ್ರೆ ಆಮೇಲೆ ಓದೋ ಮಾತು ಎತ್ಬೇಡ" ಎಂದರು. ಅಕ್ಕ "ಹೂಂ" ಎಂದು ಮಾತು ಕೊಟ್ಟಳು.

ಎರಡು ದಿನ ಎರಡೇ ಬೆರಳಲ್ಲಿ ಒತ್ತಿದಳು. ಕಾಗದದ ಮೇಲೆ ಮೊದಲು ಬರೆದುಕೊಳ್ಳಲಿಲ್ಲ. "ಬರ್ಕೊಂಡ್ ನೋಡಿ ಹೊಡೆದ್ರೆ ಕಾಪಿ ಹೊಡ್ದಂಗಿರುತ್ತೆ ಕಣೇ" ಎನ್ನುತ್ತಿದ್ದಳು. ಆಶ್ಚರ್ಯವೆಂದರೆ ಆ ಎರಡು ದಿನ ಅದು ಒಮ್ಮೆಯೂ ನಿಲ್ಲಲಿಲ್ಲ, ಅಕ್ಕ ಅದನ್ನು ಆಫ್ ಮಾಡಲೂ ಇಲ್ಲ. ನಾನು ಇಣುಕಿದರೆ ಸೆರಗಿನ ಹಾಗೆ ದುಪಟ್ಟಾ ಎಳೆದು ಪರದೆಯನ್ನು ಮರೆಮಾಡುತ್ತಿದ್ದಳು. "ಸೀಟ್ ಸಿಕ್ಮೇಲೆ ಓದುವಂತೆ, ಹೋಗು."

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ, ಇನ್ನು ನಾಲ್ಕು ಸಾಲಿದೆ ಎನ್ನುವಾಗ ನಿಂತಿತು. ಬಾಣದ ಗುರುತು ಅಲುಗಲಿಲ್ಲ. ನಾನು ಅಭ್ಯಾಸಬಲದಿಂದ ಬೆರಳು ಚಾಚಿದೆ. ಅಕ್ಕ ಕೈ ಹಿಡಿದುಕೊಂಡಳು.

"ಬೇಡ. ಹೋದ್ ವಾರ ನೀನು ವಿಮಾನದ ಚಿತ್ರ ಬಿಡಿಸಿದ್ದೆ ನೋಡು, ಆಫ್ ಮಾಡಿದ್ಮೇಲೆ ಅದು ಸಿಗ್ಲೇ ಇಲ್ಲ. ಇದೂ ಹೋದ್ರೆ?"

"ಅದು ಚಿತ್ರ ಅಕ್ಕ. ಬರ್ದಿದ್ದು ಎಲ್ಲೋಗುತ್ತೆ?"

"ಮುಟ್ಬೇಡ ಅಂದ್ರೆ ಮುಟ್ಬೇಡ. ವಿಜಯಪುರದ ಸೈಬರ್ ಅಣ್ಣನ್ನ ಕರ್ಕೊಂಡ್ ಬರ್ತೀನಿ. ನನ್ನಾಣೆ."

ಚಪ್ಪಲಿ ಹಾಕಿಕೊಳ್ಳದೆ ಬಸ್‌ಸ್ಟಾಪಿಗೆ ಓಡಿದಳು.

ಇದನ್ನು ಎಷ್ಟೋ ಸಲ ನೆನೆದಿದ್ದೇನೆ. ನಾನು ತುಂಟತನಕ್ಕೆ ಒತ್ತಲಿಲ್ಲ. ಮುಕ್ಕಾಲು ಗಂಟೆ ಅದರ ಮುಂದೆ ಕೂತಿದ್ದೆ. ಅಕ್ಕ ಬರುವಷ್ಟರಲ್ಲಿ ಐದಾಗಿಬಿಟ್ಟರೆ ಎಂಬ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ನಾನಿರುವಾಗ ಹೊರಗಿನವನು ಯಾಕೆ ಎಂಬ ಜಂಬವಿತ್ತು. ಅಕ್ಕ ಬರುವಷ್ಟರಲ್ಲಿ ಎಬ್ಬಿಸಿ ಕೂರಿಸಿ, ತಗೋ ನಿನ್ನ ಎರಡು ಪುಟ ಎನ್ನಬೇಕೆಂದು ಆಸೆ. ಬೆರಳಿಟ್ಟೆ. ಬಾಯಲ್ಲಿ ಮೆಲ್ಲಗೆ, ಲಾಭ, ಎರಡು, ಮೂರು.

ಎದ್ದಿತು. ಅಕ್ಕ ಬರೆಯುವ ಜಾಗವನ್ನು ತೆರೆದೆ. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು. ಮುಚ್ಚಿದೆ, ಮತ್ತೆ ತೆರೆದೆ. ಕೆಳಗೆ ಎಲ್ಲಾದರೂ ಇದೆಯೇನೋ ಎಂದು ಇಳಿದಷ್ಟೂ ಇಳಿದೆ.

ಸೈಬರ್ ಅಣ್ಣನ ಬೈಕು ನಿಂತಾಗ ಮೂರೂವರೆ. ಅಕ್ಕ ಒಳಗೆ ಬಂದು ಪರದೆ ನೋಡಿದಳು.

"ತಾನಾಗೇ ಆಫ್ ಆಗ್ಬಿಡ್ತು ಅಕ್ಕ" ಎಂದೆ.

ಜಗಲಿಯಿಂದ ತಾತ, ಪಾಪ, ಒಳ್ಳೆಯ ಸುದ್ದಿ ಹೇಳುವವರ ಹಾಗೆ ಕೂಗಿದರು: "ಏಳರ ತಂಕ ಬೇಕೇ ಆಗ್ಲಿಲ್ಲ ಕಣವ್ವಾ ಭಾಗ್ಯ! ನಿನ್ ತಂಗಿ ಎಣಿಸ್ತಿದ್ಲು, ಕೇಳಿಸ್ಕೊಂಡೆ. ಐದಕ್ಕೇ ಮಲಗ್ಸಿ ಎಬ್ಬಿಸ್ಬಿಟ್ಲು!"

ಅಕ್ಕ ನನ್ನನ್ನು ನೋಡಿದಳು. ಆಮೇಲೆ ಸೈಬರ್ ಅಣ್ಣನಿಗೆ ಜಾಗ ಬಿಟ್ಟು ಸರಿದಳು.

ಸೈಬರ್ ಅಣ್ಣ ಕೂತು ಅಲ್ಲಿ ಇಲ್ಲಿ ತಡಕಾಡಿದ. "ಸೇವ್ ಮಾಡಿದ್ರಾ?"

"ಹಂಗಂದ್ರೆ?" ಎಂದಳು ಅಕ್ಕ.

ಅವನು ಕೈ ಹಿಂದಕ್ಕೆ ತಗೊಂಡ. "ಹಂಗೇ ಬಿಟ್ಟಿದ್ರೆ ಏನಾದ್ರೂ ಮಾಡ್ಬೋದಿತ್ತೇನೋ."

ಆ 'ಏನೋ' ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿದೆ. ಮಾಡಬಹುದಿತ್ತೋ, ಇಲ್ಲವೋ.

ಅಕ್ಕ ಅವನ ಬೈಕಿನಲ್ಲೇ ಸೈಬರಿಗೆ ಹೋಗಿ ಮೊದಲಿನಿಂದ ಶುರುಮಾಡಿದಳಂತೆ. ಎರಡು ಬೆರಳು, ಒಂದು ಗಂಟೆಯೂ ಉಳಿದಿರಲಿಲ್ಲ. ಐದಕ್ಕೆ ಅರ್ಧ ಪುಟ ಆಗಿತ್ತು. ಅದನ್ನೇ ಕಳಿಸಿ ಬಂದಳು. ಟ್ರಸ್ಟಿನಿಂದ ಕರೆ ಬರಲಿಲ್ಲ. ಅಪ್ಪ ಏನಾಯ್ತೆಂದು ಕೇಳಿದಾಗ ನಾನು ಅಡುಗೆಮನೆಯ ಕತ್ತಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅಕ್ಕ ಅಂದಳು: "ತಾನಾಗೇ ಆಫ್ ಆಗ್ಬಿಡ್ತಪ್ಪಾ." ನನ್ನ ಸುಳ್ಳನ್ನು ಅವಳೇ ಹೊತ್ತುಕೊಂಡಳು. ಮುನಿಶಾಮಪ್ಪ ಮಾವ ಮಾತ್ರ ನಕ್ಕರು: "ನಾನು ಹೇಳಿದ್ದು ಮಿಷನ್ನಿಗೂ ಗೊತ್ತಾಗೈತೆ ನೋಡು!"

ಆಡಿದ ಮಾತಿನಂತೆ ಅಕ್ಕ ಮತ್ತೆ ಓದಿನ ಮಾತೆತ್ತಲಿಲ್ಲ. ಏರ್‌ಪೋರ್ಟಿನ ಅಡುಗೆಮನೆಗೆ ಸೇರಿದಳು. ವಿಮಾನದ ಊಟದ ಡಬ್ಬಿಗಳಿಗೆ ಮುಚ್ಚಳ ಅಂಟಿಸುವ ಕೆಲಸ. ಮೂರು ವರ್ಷದ ಮೇಲೆ ಬೂದಿಗೆರೆಗೆ ಮದುವೆಯಾಗಿ ಹೋದಳು. ನನ್ನ ಪ್ರತಿ ಪರೀಕ್ಷೆಗೂ ಫೋನು ಮಾಡುತ್ತಿದ್ದಳು. ಅಕೌಂಟೆನ್ಸಿಯಲ್ಲಿ ಫೇಲಾಗಿ ನಾನು ಕಾಲೇಜು ಬಿಡುತ್ತೇನೆಂದಾಗ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಬಂದು, "ಬಿಡು ನೋಡೋಣ, ಕಾಲ್ ಮುರೀತೀನಿ" ಎಂದಳು. ಆ ಎರಡು ಪುಟದಲ್ಲಿ ಏನು ಬರೆದಿದ್ದೆ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಯಾರಿಗ್ ನೆಪ್ಪೈತೆ? ನಂಗೆಲ್ಲಿ ಓದು ಹಿಡಿಸ್ತಿತ್ತು, ಬಿಡೇ" ಎಂದು ನಕ್ಕುಬಿಟ್ಟಳು. ನಾನು ಅದನ್ನು ನಂಬಿದೆ. ನಂಬಿದರೆ ನನಗೆ ನಿದ್ದೆ ಬರುತ್ತಿತ್ತು.

ತಾತ ಹೋದರು. ರಾಗಿ ಅಳೆಯುತ್ತಿದ್ದ ಕಣದ ಮೇಲೆ ಈಗ ಕಾರು ನಿಲ್ಲಿಸುವ ಜಾಗವಾಗಿದೆ. ಮೊದಲನೆಯದಕ್ಕೆ ಲಾಭ ಅನ್ನುವವರು ನಮ್ಮ ಊರಲ್ಲಿ ಯಾರೂ ಉಳಿದಿಲ್ಲ. ಈಗಿನ ಲ್ಯಾಪ್‌ಟಾಪುಗಳು ಬರೆದದ್ದನ್ನು ತಾವೇ ಉಳಿಸಿಕೊಳ್ಳುತ್ತವೆ, ಹೇಳಬೇಕಾಗಿಯೇ ಇಲ್ಲ. ಅದನ್ನು ನೋಡಿದಾಗ ಸಂತೋಷವಾಗುವುದಿಲ್ಲ. ಕಳೆದದ್ದು ಎರಡು ಪುಟ ಅಲ್ಲ. ಅದನ್ನು ಬರೆದ ಹದಿನೆಂಟರ ಹುಡುಗಿ ಆ ಶುಕ್ರವಾರದಿಂದ ಈಚೆಗೆ ನನಗೆ ಸಿಕ್ಕಿಲ್ಲ.

ನಾನು ಬಿ.ಕಾಂ. ಮುಗಿಸಿದೆ. ನಮ್ಮ ಮನೆತನದಲ್ಲಿ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಬೆವರು ಸುರಿಸಿ ತಗೊಂಡಿದ್ದೇನೆ. ಸರ್ಟಿಫಿಕೇಟ್ ಕೈಗೆ ಬಂದ ದಿನ ಊರಿಗೆ ಹೋಗಲಿಲ್ಲ, ನೇರ ಬೂದಿಗೆರೆಗೆ ಹೋದೆ. ಅಕ್ಕ ಸೊಪ್ಪು ಸೋಸುತ್ತಿದ್ದಳು. ಕೈ ತೊಳೆದು, ಸೀರೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಈಸಿಕೊಂಡಳು. ನಿಂತೇ ಓದಿದಳು. ನನ್ನ ಹೆಸರಿನ ಕೆಳಗೆ ಬೆರಳು ತಾಗಿಸದೆ, ಗಾಳಿಯಲ್ಲೇ ಗೆರೆ ಎಳೆದಳು.

"ಅಕ್ಕಾ, ಅವತ್ತು ನಾನು..." ಎಂದೆ.

"ಗೊತ್ತು ಸುಮ್ನಿರೇ" ಎಂದಳು. ಇನ್ನೊಮ್ಮೆ ಮೇಲಿನಿಂದ ಓದಿದಳು. ಆಮೇಲೆ, ತಲೆಯೆತ್ತದೆ:

"ನಂಗೂ ಓದ್ಬೇಕು ಅಂತ ಇತ್ತು ಕಣೇ. ತುಂಬಾ ಇತ್ತು."