ಕಾಯಿಲೆ ನಂದು ಸಾರ್

ಆಸ್ಪತ್ರೆಯಲ್ಲಿ ವೈದ್ಯರು “ಹೇಗಿದ್ದೀರಿ?” ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ “ಚೆನ್ನಾಗಿದ್ದೀನಿ ಸಾರ್” ಎಂದೇ ಶುರುಮಾಡುತ್ತಾರೆ, ಚೆನ್ನಾಗಿರುವವರು ಅಲ್ಲಿ ಬಂದು ಕೂತದ್ದೇಕೆಂಬ ಪ್ರಶ್ನೆ ಇಬ್ಬರಿಗೂ ಹೊಳೆಯುವುದಿಲ್ಲ. ಉಪಚಾರ ಎಂಬ ಪದಕ್ಕೆ ಚಿಕಿತ್ಸೆಯೆಂಬ ಅರ್ಥವೂ ಇದೆ, ಮರ್ಯಾದೆಯೆಂಬ ಅರ್ಥವೂ ಇದೆ. ಎರಡನೆಯದಕ್ಕೆ ಲೋಪ ಬಾರದಂತೆ ನೋಡಿಕೊಳ್ಳುವ ಭರದಲ್ಲಿ ನಾವು ಮೊದಲನೆಯದನ್ನು ಅಲ್ಲೇ ಬಿಟ್ಟುಬರುತ್ತೇವೆ. ನಾನಂತೂ ಈ ಕಲೆಯಲ್ಲಿ ಪಾರಂಗತೆ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ನಿರರ್ಗಳವಾಗಿ ಕನ್ನಡ ಪಾಠ ಹೇಳುವ ನನ್ನ ನಾಲಗೆ, ಸ್ಟೆತಸ್ಕೋಪ್ ಕಂಡೊಡನೆ ವ್ಯಾಕರಣಸಮೇತ ಅಡಗಿಹೋಗುತ್ತದೆ.

ನೆರೆಮನೆಯ ಶಮೀಮ್ ಹಾಗಲ್ಲ. ರವಿಕೆ ಹೊಲಿಯುವುದು ಅವಳ ಕಸುಬು. ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ನಮ್ಮೂರಿನ ಅಪ್ಪಟ ಕನ್ನಡ. ಅವಳ ಹೊಟ್ಟೆನೋವನ್ನು ಒಬ್ಬ ವೈದ್ಯರು ಗ್ಯಾಸ್ ಎಂದರು, ಮತ್ತೊಬ್ಬರು ಟೆನ್ಷನ್ ಎಂದರು. “ಗ್ಯಾಸಾದ್ರೆ ತೂಕ ಯಾಕೆ ಇಂಗೆ ಇಳೀತದೆ? ನನ್ ರವ್ಕೆನ ನಾನೇ ಇನ್ನೆಷ್ಟ್ ಸಲ ಸಣ್ಣ ಮಾಡ್ಲಿ?” ಎಂದು ಪಟ್ಟುಹಿಡಿದು ಸ್ಕ್ಯಾನಿಗೆ ಬರೆಸಿಕೊಂಡವಳು ಅವಳೇ. ಅಷ್ಟರಲ್ಲಿ ತಡವಾಗಿತ್ತು.

ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಅವಳನ್ನು ಮಲಗಿಸಿದಾಗ ಅವಳ ಅಣ್ಣನೊಂದಿಗೆ ನಾನೂ ಹೋಗಿದ್ದೆ. ಸ್ಕ್ಯಾನ್ ನೋಡಿದ ವೈದ್ಯರು, ಕರುಣೆಯಿಂದಲೇ ಇರಬೇಕು, ಅಣ್ಣನನ್ನು ಬಾಗಿಲ ಬಳಿಗೆ ಕರೆದು ದನಿ ತಗ್ಗಿಸಿದರು. ಮಂಚದ ಮೇಲಿಂದ ಶಮೀಮ್ ಕೂಗಿದಳು: “ಸಾರ್, ಕಾಯ್ಲೆ ನಂದು. ಅವುನ್ಗ್ಯಾಕೆ ಏಳ್ತೀರಿ? ನಂಗೇ ಏಳ್ಬುಡಿ.”

ಅಣ್ಣ ಉರ್ದುವಿನಲ್ಲಿ ಸುಮ್ಮನಿರೆಂದು ಗದರಿದ. ಅವನ ಕಣ್ಣಲ್ಲಾಗಲೇ ನೀರಿತ್ತು. ವೈದ್ಯರು ಮಂಚದ ಬಳಿ ಬಂದು, ಸ್ಟೂಲೆಳೆದು ಕುಳಿತರು. ಕ್ಯಾನ್ಸರ್ ಲಿವರ್‌ಗೂ ಹರಡಿದೆಯೆಂದೂ, ಗುಣವಾಗುವ ಹಂತ ದಾಟಿದೆಯೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಸೆರಗಿನಂಚನ್ನು ಬೆರಳಿಗೆ ಸುತ್ತುತ್ತ ಎಲ್ಲವನ್ನೂ ಕೇಳಿಸಿಕೊಂಡ ಶಮೀಮ್ ಕೇಳಿದ್ದು ಇಷ್ಟೇ: “ನೋವು?”

“ಅದನ್ನ ಕಮ್ಮಿ ಮಾಡ್ಬೋದಮ್ಮ. ಅದಕ್ಕೆ ಮಾತ್ರೆ ಇದೆ.”

“ಅಂಗಾದ್ರೆ ಅದ್ ಕೊಡಿ, ಮನೇಗ್ ಓಯ್ತೀನಿ.” ಆಮೇಲೆ ಪಕ್ಕದ ಮಂಚದ ಕಡೆ ಕೈತೋರಿಸಿದಳು. “ಉಡಿಗಾಲದೂರಿಂದ್ ಬಂದಿರೋ ಈ ಅವ್ವನ ಕಾಲ್ ಪಟ್ಟಿ ಒದ್ದೆಯಾಗದೆ ಸಾರ್. ಬೆಳಗಿಂದ ಸಂಕೋಚ ಪಟ್ಕಂಡು ಮನಗವ್ಳೆ. ವಸಿ ನೋಡ್ಬುಡಿ.”

“ನಂದಿರ್ಲಿ ಬುಡವ್ವ” ಎಂದು ಆ ಮುದುಕಿ ಅನ್ನುತ್ತಿದ್ದಂತೆಯೇ ವೈದ್ಯರು ನರ್ಸನ್ನು ಕರೆದರು. ತನ್ನ ಸಾವಿನ ಸುದ್ದಿ ಇನ್ನೂ ಗಂಟಲಿನಿಂದ ಕೆಳಗಿಳಿಯದ ಹೊತ್ತಿನಲ್ಲಿ ಇನ್ನೊಬ್ಬಳ ಪಟ್ಟಿಯ ಚಿಂತೆ ಮಾಡುವ ಆ ಹೆಂಗಸನ್ನು ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿದೆ.

ಮನೆಗೆ ಬಂದ ಕೆಲವು ವಾರಗಳಿಗೆ ನೋವು ಮಾತ್ರೆಯನ್ನು ಮೀರಿ ಬೆಳೆಯಿತು. ಅಣ್ಣ ಅವಳ ಮಗ್ಗುಲು ಬಿಟ್ಟು ಏಳುವಂತಿರಲಿಲ್ಲ. ನಾನೇ ಚಾಮರಾಜನಗರದ ಬಸ್ಸು ಹತ್ತಿದೆ. ದಾರಿಯಲ್ಲಿ ತೆರಕಣಾಂಬಿ ದಾಟುವವರೆಗೂ ಹೇಳಬೇಕಾದ ವಿನಯಪೂರ್ವಕ ವಾಕ್ಯವನ್ನು ಬಾಯಿಪಾಠ ಮಾಡಿದೆ. ಆಸ್ಪತ್ರೆಯ ಕೌಂಟರಿನಲ್ಲಿ, “ಆ ಡಾಕ್ಟ್ರು ರಜ, ಸೋಮವಾರ ಬನ್ನಿ” ಎಂದರು. ವಾಕ್ಯ ಮರೆತುಹೋಯಿತು.

“ಸೋಮವಾರದವರೆಗೆ ಅವಳು ಹೇಗೆ ಮಲಗಬೇಕು, ನೀವೇ ಹೇಳಿ! ಬೇರೆ ಡಾಕ್ಟರನ್ನ ಕರೀರಿ. ನಾನಿಲ್ಲಿಂದ ಏಳಲ್ಲ” ಎಂದು ಕೂಗಿದೆ. ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಒಳಗಿನಿಂದ ವೈದ್ಯೆಯೊಬ್ಬರು ಬಂದು, ನನ್ನನ್ನು ಕೂರಿಸಿ, ಸಾವಧಾನವಾಗಿ ವಿಚಾರಿಸಿ, ಅಣ್ಣನಿಗೆ ಫೋನು ಮಾಡಿ ಮಾತಾಡಿ, ಹೆಚ್ಚು ಬಲದ ಔಷಧ ಕೊಡಿಸಿದರು.

ಅಂದು ಸಂಜೆ, ಮಂಡಿಯನ್ನು ಹೊಟ್ಟೆಗೊತ್ತಿಕೊಂಡು ಮುದುಡಿ ಮಲಗುತ್ತಿದ್ದ ಶಮೀಮ್ ಮೆಲ್ಲಗೆ ಕಾಲು ಚಾಚಿದಳು. “ಗಲಾಟೆ ಮಾಡುದ್ರಂತೆ ಮೇಡಮ್ಮು?” ಎಂದು ಕೇಳಿದಳು.

“ಸ್ವಲ್ಪ.”

“ಸ್ವಲ್ಪ ಸಾಲ್ದು ಕಣಿ” ಎಂದು ನಕ್ಕು ಕಣ್ಣು ಮುಚ್ಚಿದಳು.

ಆಯುಷ್ಯವನ್ನು ಎಷ್ಟು ಗಟ್ಟಿಯಾಗಿ ಕೇಳಿದರೂ ಕೊಡಬಲ್ಲವರು ಯಾರೂ ಇರಲಿಲ್ಲ, ಓದುಗರೆ, ನಿದ್ದೆಯನ್ನು ಕೊಡಬಲ್ಲವರಿದ್ದರು. ಅದನ್ನೂ ಕೂಗಿ ಪಡೆಯಬೇಕಾಯಿತಲ್ಲ ಎಂಬ ಸಂಕಟ ನನ್ನಲ್ಲಿ ಇನ್ನೂ ಆರಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ ಅವಳ ಅಣ್ಣ ನಮ್ಮ ಬಾಗಿಲಿಗೆ ಬಂದು ನಿಂತ. ಇಷ್ಟೇ ಹೇಳಿದ: “ಕೊನೇಗಂಟ ಕಾಲ್ ಚಾಚ್ಕಂಡೇ ಮನಗಿದ್ಲು ಮೇಡಮ್.”