ಗೋಡೆಗೆ ಮುಖ ಮಾಡಿದ ಕುರ್ಚಿ

ಮಗಳಿಗೆ ನಾನು ಕರೆದದ್ದು ಕೇಳಿಸುತ್ತಿದೆಯೋ ಇಲ್ಲವೋ ಎಂಬ ಅನುಮಾನ ತಲೆಯೊಳಗೆ ಹೊಕ್ಕು ಕೂತ ಮೇಲೆ ನನಗೆ ನೆಮ್ಮದಿಯಿಂದ ತುತ್ತು ಇಳಿಯುತ್ತಿರಲಿಲ್ಲ. ಗುಬ್ಬಿ ಎಂದು ಕರೆದರೆ ಒಮ್ಮೆ ತಿರುಗುತ್ತಿದ್ದಳು, ಒಮ್ಮೆ ಇಲ್ಲ. ಬೇಕೆಂದೇ ತಟ್ಟೆ ಬೀಳಿಸಿ ನೋಡುತ್ತಿದ್ದೆ.

"ನಿನ್ನ ಗಂಡನೂ ಹೀಗೇ ಇದ್ದ. ಈಗ್ಲೂ ನಾನು ಕರೆದ್ರೆ ಅವನಿಗೆ ಕೇಳ್ಸಲ್ಲ. ಅವನನ್ನೂ ಕರ್ಕೊಂಡು ಹೋಗು ಡಾಕ್ಟ್ರ ಹತ್ರ" ಎಂದು ಅತ್ತೆ ನಗುತ್ತಿದ್ದರು.

ಮನೆ ಹತ್ತಿರದ ಡಾಕ್ಟರು ಗುಬ್ಬಿಯ ಬೆನ್ನ ಹಿಂದೆ ನಿಂತು ಬಾಗಿಲು ಎಲ್ಲಿದೆ ಎಂದು ಪಿಸುಗುಟ್ಟಿ ನೋಡಿ, ಕಿವಿ ಚೆನ್ನಾಗಿದೆ, ನಿಮಗೇ ಗಾಬರಿ ಜಾಸ್ತಿ ಎಂದು ಕಳಿಸಿದ್ದರು. ಗಾಬರಿ ಜಾಸ್ತಿ ಎನ್ನುವುದು ನಿಜವೇ. ಆದರೂ ಮನಸ್ಸು ತಡೆಯದೆ, ಮಕ್ಕಳ ಕಿವಿ ಮೂಗು ಗಂಟಲು ನೋಡುವುದರಲ್ಲೇ ಕೂದಲು ಹಣ್ಣು ಮಾಡಿಕೊಂಡ ಡಾಕ್ಟರಮ್ಮನ ಬಳಿಗೆ ಹೋದೆ. ಹಣೆಗೆ ದೀಪ ಕಟ್ಟಿಕೊಂಡಿರುತ್ತಾರೆಂದು ಮಕ್ಕಳು ಅವರನ್ನು ಟಾರ್ಚ್ ಅಜ್ಜಿ ಎನ್ನುತ್ತಿದ್ದವು.

ಅವರ ಕೋಣೆಯಲ್ಲಿ ಒಂದು ಕುರ್ಚಿ ಗೋಡೆಗೆ ಮುಖ ಮಾಡಿ ನಿಂತಿತ್ತು.

"ಅಮ್ಮಂದಿರು ಅಲ್ಲಿ" ಎಂದರು.

ತಪ್ಪು ಮಾಡಿದ ಹುಡುಗಿಯ ಹಾಗೆ ಗೋಡೆ ನೋಡುತ್ತಾ ಕೂತೆ. ಹಿಂದಿನಿಂದ ಡಾಕ್ಟರಮ್ಮನ ಪಿಸುಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. "ಗುಬ್ಬಿ, ಬಾಗಿಲು ಎಲ್ಲಿದೆ?" ಉತ್ತರವಿಲ್ಲ. "ಗುಬ್ಬಿ, ಚಾಕಲೇಟು ಬೇಕಾ?" ಅದಕ್ಕೂ ಇಲ್ಲ. ಚಾಕಲೇಟು ಬೇಡವೆಂದ ಇತಿಹಾಸವೇ ಇಲ್ಲ ಇವಳಿಗೆ. ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದೆ.

"ಆ ಡಾಕ್ಟ್ರು ನೋಡಿದಾಗ ನೀವು ಮಗು ಎದುರಿಗೆ ಕೂತಿದ್ರಿ ತಾನೆ?"

"ಹೌದು."

"ಹಾಗಾದ್ರೆ ಪಾಸಾಗಿದ್ದು ನಿಮ್ಮ ಕಿವಿ. ಪ್ರಶ್ನೆ ನೀವು ಕೇಳಿಸ್ಕೊಂಡ್ರಿ, ನಿಮ್ಮ ಕಣ್ಣು ಬಾಗಿಲ ಕಡೆ ಹೋಯ್ತು, ಮಗು ಕಾಪಿ ಹೊಡೀತು."

ಆಮೇಲೆ ಯಂತ್ರದಲ್ಲೂ ಅದೇ ಬಂತು. ಎರಡೂ ಕಿವಿಯ ಪರದೆಯ ಹಿಂದೆ ಅಂಟಂಟು ನೀರು ತುಂಬಿಕೊಂಡಿದೆ. ಎಷ್ಟೋ ಮಕ್ಕಳಿಗೆ ತಾನಾಗಿಯೇ ಇಂಗುತ್ತದೆ, ಕಾದು ನೋಡೋಣ ಎಂದರು. ಕಾಯುವುದೆಂದರೆ ನನಗೆ ಬೆಂಕಿಯ ಮೇಲೆ ಕೂತ ಹಾಗೆ. ತಿಂಗಳಿಗೊಮ್ಮೆ ಹೋಗುತ್ತಿದ್ದೆವು, ಯಾವಾಗಲೂ ಸಂಜೆಯ ಕೊನೆಯ ಸರದಿ. ಅಷ್ಟು ಹೊತ್ತಿಗೆ ಡಾಕ್ಟರಮ್ಮ ಕುತ್ತಿಗೆಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿರುತ್ತಿದ್ದರು. ಅವರ ಬದುಕು ನನಗೆ ಗೊತ್ತಾದದ್ದು ಹೀಗೆ, ಚೂರುಚೂರಾಗಿ.

ಮಗಳು ಹೃದಯದ ಡಾಕ್ಟರಾಗುತ್ತಾಳೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ ಅವರ ಅಪ್ಪ, "ಕೊನೆಗೆ ಸಿಂಬಳ ಒರೆಸೋಕೆ ಇಷ್ಟು ಓದಿದ್ಯಾ?" ಎಂದು ವಾರವಿಡೀ ಮುನಿಸಿಕೊಂಡಿದ್ದರಂತೆ. ಮಣಿ, ಕಡಲೆಕಾಳು, ರಬ್ಬರಿನ ಚೂರು, ಒಮ್ಮೆ ಗೊಂಬೆಯ ಶೂ, ಇವೆಲ್ಲ ಡಾಕ್ಟರಮ್ಮ ಪುಟ್ಟ ಮೂಗುಗಳಿಂದ ಎಳೆದು ತೆಗೆದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗನಿಗೆ ಎಲ್ಲ ಸರಿಯಿದೆ ಎಂದು ಬರೆದುಕೊಟ್ಟರು. ಮುಂದಿನ ವರ್ಷ ಅವನು ಮಾತೇ ಬಾರದೆ ವಾಪಸು ಬಂದ.

"ಅವನು ಕಿವೀಲಿ ಕೇಳ್ತಿರ್ಲಿಲ್ಲ, ಅಮ್ಮನ ಹುಬ್ಬಲ್ಲಿ ಕೇಳ್ತಿದ್ದ. ಅವತ್ತೇ ಕುರ್ಚಿ ತಿರುಗಿಸ್ದೆ."

"ಎಷ್ಟೊಂದು ಮಕ್ಕಳನ್ನ ಗುಣ ಮಾಡಿದೀರಲ್ಲ ಮೇಡಂ" ಎಂದೆ, ಸಮಾಧಾನಕ್ಕೆ.

"ಗುಣ ಆದವ್ರು ಯಾಕಮ್ಮ ಬರ್ತಾರೆ? ನಾನು ನೋಡೋದು ಬರೀ ಅಳೋವ್ರನ್ನ" ಎಂದು ಚೀಲವನ್ನು ಇನ್ನೊಂದು ಬದಿಗೆ ಸರಿಸಿಕೊಂಡರು.

ಗುಬ್ಬಿಯ ಕಿವಿಯ ನೀರು ಇಂಗಲಿಲ್ಲ. ಪರದೆಗೆ ಸಣ್ಣ ನಳಿಕೆ ಇಡಬೇಕು, ಚಿಕ್ಕ ಆಪರೇಷನ್ ಎಂದರು. ನಾನು ಹೂಂ ಎನ್ನುವಷ್ಟರಲ್ಲಿ, "ನಾನಲ್ಲ, ನನ್ನ ಶಿಷ್ಯ ಮಾಡ್ತಾನೆ" ಎಂದರು. ಜೀವಮಾನವೆಲ್ಲ ಬಗ್ಗಿ ಬಗ್ಗಿ ಅವರ ಕುತ್ತಿಗೆಯ ಮೂಳೆ ಸವೆದಿತ್ತು. ಮೈಕ್ರೋಸ್ಕೋಪಿನ ಮುಂದೆ ಕೂತರೆ ಎಡಗೈ ಜುಮ್ಮೆನ್ನುತ್ತಿತ್ತು. "ಹಟ ಹಿಡಿದ್ರೆ ಮಾಡ್ತೀನಿ. ಅದರಿಂದ ನಿಮಗೆ ಧೈರ್ಯ ಬರುತ್ತೆ, ಗುಬ್ಬಿಗೆ ಏನೂ ಲಾಭ ಇಲ್ಲ. ಯೋಚ್ನೆ ಮಾಡಿ ಫೋನ್ ಮಾಡಿ."

ಆ ಚಿಕ್ಕ ಡಾಕ್ಟರನ್ನು ಬಾಗಿಲಲ್ಲಿ ನೋಡಿದ್ದೆ. ನಿನ್ನೆ ಮೊನ್ನೆ ಕಾಲೇಜು ಬಿಟ್ಟವನ ಹಾಗಿದ್ದ. ಅವನ ಕೈಗೆ ನನ್ನ ಮಗುವೇ? ಫೋನು ಎತ್ತುವುದು, ಇಡುವುದು. "ನಿನಗೆ ಹೇಗನ್ನಿಸುತ್ತೋ ಹಾಗೆ ಮಾಡು" ಎಂದು ಗಂಡ ಜಾರಿಕೊಂಡರು. "ಆ ಮುದುಕಮ್ಮನೇ ಕೈ ಬಿಟ್ಟ ಮೇಲೆ ಯಾಕೆ ಬೇಕು? ದೊಡ್ಡವಳಾದ್ರೆ ತಾನೇ ಸರಿಹೋಗುತ್ತೆ" ಎಂದರು ಅತ್ತೆ.

ಮೊನ್ನೆ ಸಂಜೆ ಅತ್ತೆ ಗುಬ್ಬಿಗೆ ನರಿಯ ಕಥೆ ಹೇಳುತ್ತಿದ್ದಾಗ ಕರೆಂಟು ಹೋಯಿತು. ಅತ್ತೆ ಕಥೆ ನಿಲ್ಲಿಸಲಿಲ್ಲ. ಮೇಣದಬತ್ತಿ ಹಚ್ಚಿಕೊಂಡು ನಾನು ಬಂದಾಗ ಗುಬ್ಬಿ ಅಜ್ಜಿಯ ತುಟಿಗಳ ಮೇಲೆ ಅಂಗೈ ಒತ್ತಿಕೊಂಡು ಕೂತಿದ್ದಳು. ಬೆಳಕು ಬಿದ್ದದ್ದೇ ಕೈ ತೆಗೆದು, "ನರಿ ಏನು ಮಾಡ್ತು? ಮೊದಲಿಂದ ಹೇಳು" ಎಂದಳು.

ಅತ್ತೆ ನನ್ನ ಮುಖ ನೋಡಿದರು.

"ಫೋನ್ ಮಾಡೇ" ಎಂದರು. "ಯಾರಾದ್ರೂ ಮಾಡ್ಲಿ."

ನಾನು ಅಡುಗೆಮನೆಯಲ್ಲಿ ನಿಂತು ಫೋನು ಹಚ್ಚಿದೆ. ಡಾಕ್ಟರಮ್ಮನೇ ಎತ್ತಿದರು. ಹಿಂದೆ ಯಾವುದೋ ಮಗು ಕಿರುಚುತ್ತಿತ್ತು.

"ಮೇಡಂ, ಗುಬ್ಬಿ ಅಮ್ಮ. ಆಪರೇಷನ್ ಮಾಡಿಸ್ತೀವಿ. ಚಿಕ್ಕ ಡಾಕ್ಟ್ರೇ ಮಾಡ್ಲಿ. ನೀವು ಒಳಗಿರ್ತೀರಾ?"

"ಪಕ್ಕದಲ್ಲೇ ನಿಂತಿರ್ತೀನಿ. ಗುರುವಾರ ಬೆಳಿಗ್ಗೆ ಬನ್ನಿ, ಖಾಲಿ ಹೊಟ್ಟೇಲಿ."

"ಹಸಿವು ಅಂತ ಅತ್ರೆ?"

"ಅಳ್ತಾಳಮ್ಮ. ಎತ್ಕೊಂಡು ಬನ್ನಿ."